ಸೈಕಲ್ ಶೆಡ್ಡಿನಲ್ಲಿ ಅರ್ಧ ಮೇಡಂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಹಿಂಬದಿಯ ಸೈಕಲ್ ಶೆಡ್ಡಿನಿಂದ ಬೆಂಚು ಎಳೆಯುವ ಸದ್ದು ಕರಕರ ಕೇಳಿಸುತ್ತಿದೆ. ಎಳೆಯುತ್ತಿರುವವರು ಇಂಗ್ಲಿಷ್ ಮೇಡಂ. ಒಂದು ಬೆಂಚಿಗೆ ಕಾಲಿಲ್ಲ, ಅದರ ಕೆಳಗೆ ಇಟ್ಟಿಗೆ ಇಟ್ಟಿದ್ದಾರೆ. ಇನ್ನೊಂದರ ಮೊಳೆ ಎದ್ದಿದೆ, ಅದರ ಮೇಲೆ ಗೋಣಿತಾಟು ಹಾಸಿದ್ದಾರೆ. ಕಂಬಕ್ಕೆ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿರುವ ಕಪ್ಪು ಹಲಗೆ ನಿಜಕ್ಕೂ ಹಲಗೆಯಲ್ಲ, ಲ್ಯಾಬಿನ ಹಳೆಯ ಬಾಗಿಲು. ಗೆದ್ದಲು ಹಿಡಿಯಿತೆಂದು ಕಿತ್ತು ಬಿಸಾಡಿದ್ದನ್ನು ಮೇಡಂ ತಾವೇ ಎತ್ತಿ ತಂದು, ಕಪ್ಪು ಬಣ್ಣ ಬಳಿದು ನಿಲ್ಲಿಸಿಕೊಂಡಿದ್ದಾರೆ. ಚಿಲಕವಿದ್ದ ಜಾಗದಲ್ಲಿ ಒಂದು ತೂತು ಉಳಿದಿದೆ. ಅದನ್ನು ತಪ್ಪಿಸಿ ಬರೆಯುವುದು ಅವರಿಗೀಗ ರೂಢಿಯಾಗಿದೆ.

ಶೆಡ್ಡಿನ ಎದುರಿಗೇ ಎರಡಂತಸ್ತಿನ ಶಾಲೆಯಿದೆ. ಈ ಹೊತ್ತಿನಲ್ಲಿ ಅದರ ಕೋಣೆಗಳೆಲ್ಲ ಖಾಲಿ. ಫ್ಯಾನು, ಲೈಟು, ಕಾಲು ಮುರಿಯದ ಬೆಂಚು ಎಲ್ಲವೂ ಬೀಗದ ಹಿಂದೆ ಹಾಯಾಗಿವೆ. ಹತ್ತನೇ ತರಗತಿಯ ಸಿ ಸೆಕ್ಷನ್ನಿನ ಮಕ್ಕಳು ಮಾತ್ರ ಶೆಡ್ಡಿನಲ್ಲಿ ಕೂರಬೇಕು. ಕೋಣೆಗಳು ಖಾಲಿ, ಮಕ್ಕಳು ಶೆಡ್ಡಿನಲ್ಲಿ! ಯಾಕೆ ಹೀಗೆ ಎಂದು ಬರೆದುಕೊಳ್ಳಲು ಬಂದವರು ಕೇಳಿದರೆ ಹೊಟ್ಟೆ ಉರಿಯುವ ಕಥೆಯೊಂದು ಹೊರಬರುತ್ತದೆ. ಪರೀಕ್ಷೆಗೆ ಇನ್ನು ಎರಡೇ ವಾರ. ಪರೀಕ್ಷೆ ಮುಗಿದ ದಿನಕ್ಕೆ ಮೇಡಂ ಅವರ ಕೆಲಸವೂ ಮುಗಿಯುತ್ತದೆ.

ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಒಬ್ಬ ಪೇಪರು ಹಾಕಿ ಮುಗಿಸಿ ನೇರ ಬಂದಿದ್ದಾನೆ, ಬೆರಳಿಗೆಲ್ಲ ಮಸಿ. ಒಬ್ಬಳು ಮನೆಗೆ ನೀರು ತುಂಬಿಟ್ಟು ಬಂದಿದ್ದಾಳೆ, ತೋಳು ಇನ್ನೂ ಒದ್ದೆ. ಇವರ ಅಪ್ಪ ಅಮ್ಮಂದಿರು ಬಸ್ ಡಿಪೋದಲ್ಲಿ, ಸಗಟು ಮಾರುಕಟ್ಟೆಯಲ್ಲಿ, ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ದುಡಿಯುವವರು. ಎದುರುಬದುರು ಎರಡು ಸಾಲಾಗಿ ಕೂರುತ್ತಾರೆ. ಒಂದು ಸಾಲಿನವರು ‘ರೆ’ ಹೇಳಬೇಕು: ಹೀಗಾದರೆ, ಹಾಗಿದ್ದರೆ. ಎದುರು ಸಾಲಿನವರು ಅದನ್ನು ಕೊನೆ ಮುಟ್ಟಿಸಬೇಕು. ಮೊದಲು ಮನೆಮಾತಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.

“ಬಸ್ ತಪ್ಪಿದರೆ?” ಎನ್ನುತ್ತಾಳೆ ಈ ಸಾಲಿನ ಉದ್ದ ಜಡೆಯವಳು.

“ನಡ್ಕೊಂಡು ಹೋಗ್ತೀನಿ. ಇಫ್ ಐ ಮಿಸ್ ದ ಬಸ್, ಐ ವಿಲ್ ವಾಕ್.”

“ನಿಮ್ಮಪ್ಪಂಗೆ ಬೆನ್ನುನೋವು ಇಲ್ಲದಿದ್ದರೆ?”

ಪೇಪರು ಹಾಕುವವನು ತಲೆ ಕೆರೆದುಕೊಳ್ಳುತ್ತಾನೆ. “ನನ್ನನ್ನ ಎತ್ತಿ ಹೊರಗೆ ಬಿಸಾಕ್ತಿದ್ದ ಮೇಡಂ.” ಶೆಡ್ಡಿನ ತಗಡು ಹಾರುವಷ್ಟು ನಗು ಏಳುತ್ತದೆ. ಮೇಡಂ ನಗುತ್ತಲೇ ಸೀಮೆಸುಣ್ಣ ಅವನ ಕೈಗೆ ಕೊಡುತ್ತಾರೆ. “ಬಿಸಾಕಲಿ. ಇಂಗ್ಲಿಷಲ್ಲಿ ಬಿಸಾಕಲಿ. ಬರಿ.” ಅವನು ಬಾಗಿಲಿನ ಮೇಲೆ ಬರೆಯುತ್ತಾನೆ. ‘ವುಡ್’ ಬರುವ ಜಾಗ ಸರಿಯಾಗಿದೆ. ಅಕ್ಷರ ಮಾತ್ರ ತೂತಿನೊಳಗೆ ಬಿದ್ದಿದೆ.

ಈ ತರಗತಿಯಲ್ಲಿ ಒಂದೇ ನಿಷೇಧವಿದೆ. ‘ನಾನು ಹಕ್ಕಿಯಾಗಿದ್ದರೆ’, ‘ನಾನು ರಾಜನಾಗಿದ್ದರೆ’ ಎಂದು ಯಾರೂ ಹೇಳುವಂತಿಲ್ಲ. ಪಠ್ಯಪುಸ್ತಕದ ತುಂಬ ಇರುವ ಉದಾಹರಣೆಗಳು ಅವೇ. ಆ ಮಾತೆತ್ತಿದರೆ ಮೇಡಂ ಅವರಿಗೆ ಪಿತ್ತ ನೆತ್ತಿಗೇರುತ್ತದೆ. “ಇವರು ಹಕ್ಕಿ ಆಗೋದೂ ಬೇಡ, ರಾಜ ಆಗೋದೂ ಬೇಡ. ಹಕ್ಕಿ ಆದ್ರೆ ಹಾರ್ತೀನಿ ಅಂತ ಬರೆದು ಯಾರಿಗೇನು ಬಂತು? ಅವರ ಬದುಕಲ್ಲಿ ಇರೋ ‘ರೆ’ಗಳೇ ಬೇಕಾದಷ್ಟಿವೆ. ಲ್ಯಾಬ್ ಟೆಕ್ನಿಷಿಯನ್ ಆಗಬೇಕಾದ್ರೆ ಏನು ಮಾಡಬೇಕು, ಆ ‘ರೆ’ ಕಲೀಲಿ ಸಾಕು,” ಎನ್ನುತ್ತಾರೆ.

ಕೊನೆಯ ಬೆಂಚಿನ ತುದಿಯಲ್ಲಿ ಕೂತಿರುವ ಹುಡುಗಿಗೆ ಲ್ಯಾಬ್ ಟೆಕ್ನಿಷಿಯನ್ ಆಗುವ ಆಸೆ. ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಾಗ, ಬಿಳಿ ಕೋಟಿನ ಹೆಂಗಸೊಬ್ಬಳು ಸೂಕ್ಷ್ಮದರ್ಶಕದೊಳಗೆ ಇಣುಕುವುದನ್ನು ನೋಡಿದ ದಿನದಿಂದ ಅವಳಿಗೆ ಅದೇ ಗುಂಗು. ಅವಳ ದನಿ ಎಷ್ಟು ಸಣ್ಣದೆಂದರೆ ಅವಳು ಬಾಯಿ ತೆರೆದರೆ ಎದುರು ಸಾಲಿನವರು ಮುಂದಕ್ಕೆ ಬಾಗುತ್ತಾರೆ. ಎಲ್ಲರೂ ಅವಳನ್ನು ‘ಪಿಸುಮಾತು’ ಎಂದೇ ಕರೆಯುತ್ತಾರೆ. ಅವಳಿಗೂ ಅದು ಒಗ್ಗಿಹೋಗಿದೆ.

ಮೇಡಂ ಅವರಿಗೂ ಒಂದು ಅಡ್ಡಹೆಸರಿದೆ: ‘ಅರ್ಧ ಮೇಡಂ’. ಹೆಸರಿಟ್ಟವರು ಮಕ್ಕಳು. ತರಗತಿ ಮುಗಿಯುವಾಗ ಪ್ರತಿ ಮಗುವಿನ ಕೈಗೂ ಅವರು ಒಂದು ಅರ್ಧ ವಾಕ್ಯ ಕೊಟ್ಟು ಕಳಿಸುತ್ತಾರೆ. ಉಳಿದರ್ಧವನ್ನು ಮನೆಯವರ ಬಾಯಿಂದ ಕೇಳಿಕೊಂಡು, ಇಂಗ್ಲಿಷಿಗೆ ತಿರುಗಿಸಿ, ಮರುದಿನ ತರಬೇಕು. ಅದೇ ಅವರ ಮನೆಕೆಲಸ. ಶಿಕ್ಷಕರ ಕೊಠಡಿಯಲ್ಲೂ ಈ ಹೆಸರು ಓಡಾಡುತ್ತದೆ, ಆದರೆ ಅಲ್ಲಿ ಅದರ ರುಚಿ ಬೇರೆ. ಹದಿನೇಳು ವರ್ಷದಿಂದ ಇವರದು ತಾತ್ಕಾಲಿಕ ಹುದ್ದೆ. ರಜೆಯ ತಿಂಗಳುಗಳಿಗೆ ಸಂಬಳವಿಲ್ಲ, ಕಪಾಟಿಲ್ಲ, ಕೂರಲು ಸ್ವಂತ ಕುರ್ಚಿಯೂ ಇಲ್ಲ. ಯಾರಾದರೂ ರಜೆ ಹಾಕಿದ ದಿನ ಅವರ ಕುರ್ಚಿಯಲ್ಲಿ ಕೂರುತ್ತಾರೆ.

ಅರ್ಧ ವಾಕ್ಯಗಳು ಮನೆಮನೆಯಲ್ಲಿ ಎಬ್ಬಿಸುವ ರಂಪ ಒಂದೆರಡಲ್ಲ. ಪಂಕ್ಚರ್ ಅಂಗಡಿಯವನೊಬ್ಬ ಒಂದು ದಿನ ಗೇಟಿಗೇ ಬಂದ. “ಮೇಡಂ, ‘ನಿಮಗೆ ಒಂದು ದಿನ ರಜೆ ಸಿಕ್ಕರೆ’ ಅಂತ ಮಗ ಕೇಳ್ದ. ನಾನು ‘ಮಲಗ್ತೀನಿ’ ಅಂದೆ. ನನ್ನ ಹೆಂಡ್ತಿ ‘ತವರಿಗೆ ಹೋಗ್ತೀನಿ’ ಅಂದ್ಲು. ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಇಂಗ್ಲಿಷ್ ಕಲಿಸೋದು ಅಂದ್ರೆ ಸಂಸಾರ ಒಡೆಯೋದಾ?” ಎಂದು ಕೇಳಿದ. ಮೇಡಂ ಮನೆಯಲ್ಲೂ ಸುಖವಿಲ್ಲ. ನಡೆಯಲಾರದ್ದರ ಬಗ್ಗೆ ಪಾಠ ಮಾಡುವಾಗ ಅವರು ಶುರು ಮಾಡುವುದೇ ‘ಅತ್ತೆಗೆ ಮೀಸೆ ಬಂದರೆ ಮಾವ ಎನ್ನಬಹುದು’ ಎಂಬ ಗಾದೆಯಿಂದ. ಸುದ್ದಿ ಓಣಿ ಸುತ್ತಿ ಅತ್ತೆಯ ಕಿವಿಗೇ ಬಿತ್ತು. ಎಂಬತ್ತರ ಆ ಅಜ್ಜಿ ಕಿಟಕಿ ಪಕ್ಕದ ಮಂಚದಿಂದಲೇ ಗುಡುಗಿದರು: “ನನ್ನ ಮೀಸೆ ವಿಷಯ ಊರಿಗೆಲ್ಲ ಪಾಠ ಮಾಡ್ತಿದ್ದೀಯಂತೆ! ಮಕ್ಕಳಿಗೆ ಹೇಳು, ಮೀಸೆ ಬರದೇನೇ ಈ ಮನೆ ನಡೆಸಿದ್ದೀನಿ ಅಂತ.” ಸೊಸೆ ಮರುದಿನ ಅದನ್ನೂ ತರಗತಿಯಲ್ಲಿ ಹೇಳಿದರು. ‘ಬಾರದಿದ್ದರೂ’ ಎಂಬುದಕ್ಕೆ ಅಷ್ಟು ಒಳ್ಳೆಯ ಉದಾಹರಣೆ ಮತ್ತೆಲ್ಲಿ ಸಿಗಬೇಕು?

ಇನ್ನು ಹೊಟ್ಟೆ ಉರಿಯುವ ಭಾಗಕ್ಕೆ ಬರೋಣ.

ಇಲ್ಲಿ ಹತ್ತನೇ ತರಗತಿಯ ಇಂಗ್ಲಿಷಿಗೆ ಎರಡು ಬಗೆಯ ಪ್ರಶ್ನೆಪತ್ರಿಕೆಗಳಿವೆ: ಪೂರ್ಣ ಪತ್ರಿಕೆ ಮತ್ತು ಸರಳ ಪತ್ರಿಕೆ. ಸರಳ ಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬಿ, ಬಾಯಿಪಾಠದ ಒಂದು ಪತ್ರ ಬರೆದರೆ ಪಾಸು. ಒಂದು ವಾಕ್ಯದೊಳಗೆ ಇನ್ನೊಂದನ್ನು ಹೆಣೆಯುವುದು, ‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಎಂದು ಯೋಚಿಸಿ ಬರೆಯುವುದು, ಇವೆಲ್ಲ ಇರುವುದು ಪೂರ್ಣ ಪತ್ರಿಕೆಯಲ್ಲಿ. ಎರಡರಲ್ಲಿ ಯಾವುದು ಬರೆದರೂ ಅಂಕಪಟ್ಟಿಯಲ್ಲಿ ‘ತೇರ್ಗಡೆ’ ಎಂದೇ ಇರುತ್ತದೆ. ಆದರೆ ನರ್ಸಿಂಗ್, ಲ್ಯಾಬ್, ಪಾಲಿಟೆಕ್ನಿಕ್, ಯಾವ ಕೋರ್ಸಿನ ಕಿಟಕಿಗೆ ಹೋದರೂ ಸರಳ ಪತ್ರಿಕೆಯವರನ್ನು ವಾಪಸು ಕಳಿಸುತ್ತಾರೆ. ಈ ವಿಷಯವನ್ನು ಯಾವ ಪುಣ್ಯಾತ್ಮರೂ ಪಾಲಕರಿಗೆ ಮುಂಚಿತವಾಗಿ ಹೇಳುವುದಿಲ್ಲ.

ಶಾಲೆಯ ಮುಖ್ಯೋಪಾಧ್ಯಾಯರನ್ನು ಮಕ್ಕಳು ಬೆನ್ನ ಹಿಂದೆ ‘ಶೇಕಡಾ ಸಾಹೇಬರು’ ಎನ್ನುತ್ತಾರೆ. ಗೇಟಿನ ಮೇಲೆ ಆಳೆತ್ತರದ ಬ್ಯಾನರು: ನೂರಕ್ಕೆ ನೂರು ಫಲಿತಾಂಶ. ಊರಿನವರು ಅದನ್ನು ನೋಡಿ ಬೆರಗಾಗುತ್ತಾರೆ. ಆ ನೂರು ಹೇಗೆ ಬಂತೆಂದು ಕೇಳುವವರಿಲ್ಲ. ಎ ಮತ್ತು ಬಿ ಸೆಕ್ಷನ್ನಿನವರು ಪೂರ್ಣ ಪತ್ರಿಕೆ ಬರೆಯುತ್ತಾರೆ, ಸಿ ಸೆಕ್ಷನ್ನನ್ನು ಇಡಿಯಾಗಿ ಸರಳ ಪತ್ರಿಕೆಗೆ ತಳ್ಳುತ್ತಾರೆ. ಸೋಲುವ ಭಯವಿರುವವರನ್ನು ಓಟಕ್ಕೇ ಬಿಡದಿದ್ದರೆ ಯಾರೂ ಸೋಲುವುದಿಲ್ಲ, ಅಷ್ಟೇ ಗುಟ್ಟು. ಇದಕ್ಕೆ ಸನ್ಮಾನ, ಶಾಲು, ಪತ್ರಿಕೆಯಲ್ಲಿ ಫೋಟೊ ಬೇರೆ!

ವರ್ಷದ ಆರಂಭದಲ್ಲೇ ಸಾಹೇಬರು ಮೇಡಂ ಅವರನ್ನು ಕರೆದು ಹೇಳಿದ್ದರು: “ಸಿ ಸೆಕ್ಷನ್ನಿಗೆ ಕೈಪಿಡಿ ಬಾಯಿಪಾಠ ಮಾಡಿಸಿ. ವ್ಯಾಕರಣದ ಕೊನೇ ಎರಡು ಪಾಠ ಬಿಟ್ಟುಬಿಡಿ. ಅವರಿಗೆ ‘ಯೆಸ್ ಸರ್, ನೋ ಸರ್’ ಬಂದ್ರೆ ಸಾಕು. ಈ ‘ಆದರೆ, ಹೋದರೆ’ ಎಲ್ಲ ಯಾಕೆ? ಆದರೆ ಹೋದರೆ ಹತ್ತಿ ಬೆಳೆದರೆ, ಅಜ್ಜಿ ನಿನಗೊಂದು ಪಟ್ಟೆ ಸೀರೆ!” ಶಿಕ್ಷಕರ ಕೊಠಡಿ ಗೊಳ್ಳೆಂದು ನಕ್ಕಿತು. ಮೇಡಂ ನಗಲಿಲ್ಲ. ಮರುದಿನ ಸಿ ಸೆಕ್ಷನ್ನಿನ ಬೋರ್ಡಿನ ಮೇಲೆ ಅದೇ ಗಾದೆಯನ್ನು ದೊಡ್ಡದಾಗಿ ಬರೆದು, ಬಿಟ್ಟುಬಿಡಬೇಕಿದ್ದ ಪಾಠವನ್ನು ಅಲ್ಲಿಂದಲೇ ಶುರು ಮಾಡಿದರು. ಹತ್ತಿ ಬೆಳೆದರೆ ತಾನೇ ಸೀರೆ? ಹಾಗಾದರೆ ಮೊದಲು ಏನಾಗಬೇಕು? ಮಕ್ಕಳು ಹತ್ತಿಯಿಂದ ಸೀರೆಯವರೆಗೆ ಇಡೀ ಗಂಟೆ ಮಾತಾಡಿದರು.

ಕೈಪಿಡಿಯ ಮಹಿಮೆಯನ್ನೂ ಹೇಳಬೇಕು. ಅದರಲ್ಲಿರುವುದು ಒಂದೇ ಪತ್ರ: ಅಕ್ಕನ ಮದುವೆಗೆ ಮೂರು ದಿನ ರಜೆ ಕೋರಿ. ಸಾಹೇಬರೇ ಮುಂದೆ ನಿಂತು ಮಕ್ಕಳಿಗೆ ಉರು ಹೊಡೆಸಿದ್ದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಚರಂಡಿ ಕಟ್ಟಿಕೊಂಡಿದೆ ಎಂದು ನಗರಸಭೆಗೆ ಪತ್ರ ಬರೆಯಿರಿ ಎಂಬ ಪ್ರಶ್ನೆ ಬಂತು. ಮಕ್ಕಳು ತಮಗೆ ಬಂದದ್ದನ್ನೇ ಬರೆದರು, ಪ್ರಶ್ನೆಯಲ್ಲಿದ್ದ ಪದವನ್ನು ಮಾತ್ರ ಅಲ್ಲಿಗೆ ತುರುಕಿದರು: ‘ನನ್ನ ಅಕ್ಕನ ಮದುವೆ ನಿಶ್ಚಯವಾಗಿರುವುದರಿಂದ ದಯವಿಟ್ಟು ಮೂರು ದಿನ ಚರಂಡಿ ಮಂಜೂರು ಮಾಡಬೇಕು.’ ಹತ್ತಾರು ಉತ್ತರಪತ್ರಿಕೆಯಲ್ಲಿ ಇದೇ ವಾಕ್ಯ. ಶಿಕ್ಷಕರು ಅದನ್ನು ಒಬ್ಬರಿಗೊಬ್ಬರು ಓದಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಗೆಪಾಟಲಾಗಿದ್ದು ಮಕ್ಕಳಲ್ಲ, ನಾವು. ನಾವು ಹೇಳಿಕೊಟ್ಟಿದ್ದನ್ನೇ ಅವರು ಬರೆದಿದ್ದರು,” ಎನ್ನುತ್ತಾರೆ ಮೇಡಂ. ಈ ಮಾತು ಹೇಳುವಾಗ ಅವರ ಮೂಗಿನ ತುದಿ ಕೆಂಪಾಗುತ್ತದೆ.

ಅವರ ಸಿಟ್ಟಿಗೆ ಬೇರು ಆಳದಲ್ಲಿದೆ. ಅವರೂ ಇಂಥದೇ ಹಿಂದಿನ ಸೆಕ್ಷನ್ನಿನಲ್ಲಿ ಓದಿದವರು. ತಾಯಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಮಗಳು ಪಾಸಾದಳೆಂದು ವಾರ್ಡಿನವರಿಗೆಲ್ಲ ಸಕ್ಕರೆ ಹಂಚಿದರು. ಕಾಲೇಜಿನ ಕಿಟಕಿಯಲ್ಲಿ ಗುಮಾಸ್ತ ಅಂಕಪಟ್ಟಿಯನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರ ನೋಡಿ, “ಇದು ಸರಳ ಪತ್ರಿಕೆ ಕಣಮ್ಮ, ಇದಕ್ಕೆ ಸೀಟಿಲ್ಲ,” ಎಂದ. ತಾಯಿಗೆ ಅರ್ಥವಾಗಲಿಲ್ಲ. “ಪಾಸಾಗಿದೆಯಲ್ಲ ಸ್ವಾಮಿ? ಪಾಸು ಅಂತ ಬರೆದಿದೆಯಲ್ಲ?” ಎಂದು ಅದೇ ಮಾತನ್ನು ಮತ್ತೆ ಮತ್ತೆ ಕೇಳಿದರು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದ ಮೇಲೆ ಮಗಳೇ ತಾಯಿಯ ಕೈ ಹಿಡಿದು ಎಳೆದುಕೊಂಡು ಬಂದಳು. ಪೂರ್ಣ ಪತ್ರಿಕೆಯನ್ನು ಹೊರಗಿನಿಂದ ಕಟ್ಟಿ, ಎರಡು ಸಲ ಫೇಲಾಗಿ, ಮೂರನೆಯ ಸಲ ದಾಟಿದಳು. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು.

“ಅಮ್ಮ ಕೊನೇವರೆಗೂ ತಪ್ಪು ತನ್ನದೇ ಅಂದ್ಕೊಂಡಿದ್ಲು. ತಾನು ಕಿಟಕಿ ಹತ್ರ ಸರಿಯಾಗಿ ಮಾತಾಡಲಿಲ್ಲ, ಅದಕ್ಕೇ ಸೀಟು ಕೊಡಲಿಲ್ಲ ಅಂತ,” ಎನ್ನುತ್ತಾರೆ ಮೇಡಂ. ಈ ಕೆಲಸವನ್ನು ಅವರು ಬಿಡದಿರಲು ಕಾರಣ ಆ ಕಿಟಕಿ. ಮೇಡಂ ಅವರ ಗಂಡ ಮೊದಲು ಬಸ್ ಕಂಡಕ್ಟರು. ಸೊಂಟ ಹಿಡಿದುಕೊಂಡ ಮೇಲೆ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ಕೊಡೆ ಚೀಲಗಳನ್ನು ಕಾಯುವ ಕಿಟಕಿಯಲ್ಲಿ ಕೂರುತ್ತಾರೆ. “ಇವಳು ಬೇರೆ ಶಾಲೆಗೆ ಹೋಗಿದ್ದರೆ ಎಂದೋ ಖಾಯಂ ಆಗ್ತಿದ್ಲು,” ಎನ್ನುತ್ತಾರೆ ಅವರು. ಹೇಳಿ ತಾವೇ ನಗುತ್ತಾರೆ: “ನೋಡಿ, ನನಗೂ ‘ರೆ’ ಅಂಟಿಕೊಂಡಿದೆ.”

ಇಂಥ ಮೇಡಂ ಕೂಡ ಒಂದು ದಿನ ಮೋಸಹೋದರು. ವರ್ಷದ ನಡುವೆ ಸಿ ಸೆಕ್ಷನ್ನಿನ ಪಾಲಕರ ಸಭೆ ನಡೆಯಿತು. ಸರಳ ಪತ್ರಿಕೆಗೆ ಪಾಲಕರ ಒಪ್ಪಿಗೆ ಬೇಕೆಂದು ನಿಯಮವಿದೆ. ಆ ಒಪ್ಪಿಗೆಯನ್ನು ಸಾಹೇಬರು ಹೇಗೆ ಪಡೆದರು ಗೊತ್ತೇ? ಮೈಕಿನ ಮುಂದೆ ನಿಂತು, “ನಿಮ್ಮ ಮಕ್ಕಳು ಪಾಸಾಗಬೇಕು ಅನ್ನೋರೆಲ್ಲ ಕೈ ಎತ್ತಿ,” ಎಂದರು. ಯಾವ ತಾಯಿ ಎತ್ತುವುದಿಲ್ಲ? ಅರ್ಧ ದಿನದ ಕೆಲಸ ಬಿಟ್ಟು ಬಂದವರು, ಅಂಗೈ ಬೊಬ್ಬೆಯೆದ್ದವರು, ಎಲ್ಲರೂ ಎರಡೆರಡು ಕೈ ಎತ್ತಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಕೂಡ ಎತ್ತಿದರು. ಹುರಿದುಂಬಿಸುವ ಮಾತು ಎಂದುಕೊಂಡರಂತೆ. ಆವರೆಗೆ ಆ ಒಪ್ಪಿಗೆ ಕೇಳುತ್ತಿದ್ದದ್ದು ಅರ್ಧವಾರ್ಷಿಕ ಪರೀಕ್ಷೆಯ ಅಂಕ ಬಂದ ಮೇಲೆ, ಒಬ್ಬೊಬ್ಬ ಪಾಲಕರನ್ನೇ ಕರೆದು.

ಕೆಲವು ದಿನಗಳ ಮೇಲೆ ಸೂಚನಾ ಫಲಕದಲ್ಲಿ ಪ್ರಕಟಣೆ ಬಂತು: ಸಿ ಸೆಕ್ಷನ್, ಸರಳ ಪತ್ರಿಕೆ, ಎಲ್ಲರೂ. ಮೇಡಂ ಏದುಸಿರು ಬಿಡುತ್ತ ಸಾಹೇಬರ ಕೋಣೆಗೆ ಹೋದರು. ಅವರು ತಲೆಯೆತ್ತದೆ ಹೇಳಿದರು: “ಪಾಲಕರೇ ಕೈ ಎತ್ತಿ ಒಪ್ಪಿದ್ದಾರೆ. ನೀವೂ ಎತ್ತಿದ್ರಲ್ಲ, ಮರೆತ್ರಾ?” ಮೇಡಂ ಬಾಗಿಲತ್ತ ತಿರುಗಿದರು. ಹೊರಡುವಾಗ ಇನ್ನೊಂದು ಆಜ್ಞೆಯೂ ಬಂತು. ಪಾಲಕರ ಹತ್ತಿರ ಈ ವಿಷಯ ಮಾತಾಡಿದರೆ ಅಂದೇ ಕೆಲಸದಿಂದ ತೆಗೆಯುವುದಾಗಿ ಸಾಹೇಬರು ಎಚ್ಚರಿಸಿದರು.

“ನನ್ನ ಕೈ ಮೇಲೇ ನನಗೆ ಅಸಹ್ಯ ಆಯ್ತು,” ಎನ್ನುತ್ತಾರೆ ಮೇಡಂ. ಆ ದಿನ ಮಧ್ಯಾಹ್ನ ತರಗತಿಗೆ ಹೋದಾಗ ಮಕ್ಕಳು ಪ್ರಕಟಣೆ ಓದಿ ತಣ್ಣಗೆ ಕೂತಿದ್ದರು. ಪಿಸುಮಾತು ಮೇಜಿನ ಮೇಲೆ ತಲೆಯಿಟ್ಟಿದ್ದಳು. ಮೇಡಂ ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಪಾಲಕರ ಹತ್ತಿರ ಮಾತಾಡಬಾರದೆಂದು ಆಜ್ಞೆಯಿತ್ತು, ಮನೆಕೆಲಸ ಕೊಡಬಾರದೆಂದು ಯಾರೂ ಹೇಳಿರಲಿಲ್ಲ. ಗಂಟೆ ಹೊಡೆಯುವ ಮುಂಚೆ ಬೋರ್ಡಿನ ಮೇಲೆ ಎಲ್ಲರಿಗೂ ಸೇರಿ ಒಂದೇ ಅರ್ಧ ವಾಕ್ಯ ಬರೆದರು: ‘ಸರಳ ಪತ್ರಿಕೆ ಬರೆದವರಿಗೆ ಮುಂದೆ ಸೀಟಿಲ್ಲ ಎಂದು ಆ ದಿನ ಕೈ ಎತ್ತುವಾಗ ನಿಮಗೆ ಗೊತ್ತಿದ್ದರೆ…’

ಮರುದಿನ ಮಕ್ಕಳು ಉಳಿದರ್ಧ ತಂದರು. ಒಬ್ಬೊಬ್ಬರೇ ಎದ್ದು ಓದಿದರು. ಇಫ್ ಐ ಹ್ಯಾಡ್ ನೋನ್, ಐ ವುಡ್ ನಾಟ್ ಹ್ಯಾವ್ ರೈಸ್ಡ್ ಮೈ ಹ್ಯಾಂಡ್. ಒಂದು ಮನೆಯಿಂದ ಬಂದದ್ದೇ ಇನ್ನೊಂದು ಮನೆಯಿಂದಲೂ ಬಂದಿತ್ತು. ಗೊತ್ತಿದ್ದರೆ ಎತ್ತುತ್ತಿರಲಿಲ್ಲ. ಗೊತ್ತಿದ್ದರೆ ಎದ್ದು ಹೋಗುತ್ತಿದ್ದೆ. ಪಂಕ್ಚರ್ ಅಂಗಡಿಯವನು ಹೇಳಿ ಕಳಿಸಿದ್ದನ್ನು ಮಾತ್ರ ಅವನ ಮಗ ಇಂಗ್ಲಿಷಿಗೆ ತಿರುಗಿಸಿರಲಿಲ್ಲ, ತರಗತಿಯಲ್ಲಿ ಹೇಳುವಂಥ ಮಾತಾಗಿರಲಿಲ್ಲ. ಮೇಡಂ ಅವನಿಗೆ ಪೂರ್ತಿ ಅಂಕ ಕೊಟ್ಟರು.

ಆಮೇಲೆ ಶಾಲೆಯ ಗೇಟಿನ ಮುಂದೆ ಜನ ಸೇರುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾರ್ಖಾನೆಯ ಹೆಂಗಸರು ಪಾಳಿ ಮುಗಿಸಿ ನೇರ ಬಂದರು. ಕೂದಲಲ್ಲಿ ಇನ್ನೂ ದಾರದ ಚೂರು. ಎರಡನೆಯ ಸಭೆ ಕರೆಯದೆ ಸಾಹೇಬರಿಗೆ ಬೇರೆ ದಾರಿಯಿರಲಿಲ್ಲ.

ಆ ಸಭೆಯಲ್ಲಿ ಮೊದಲು ಎದ್ದು ನಿಂತದ್ದು ಪಿಸುಮಾತಿನ ತಾಯಿ. ದಿನವಿಡೀ ಇಸ್ತ್ರಿ ಮೇಜಿನ ಮುಂದೆ ನಿಲ್ಲುವ ಹೆಂಗಸು, ಮಗಳ ಹಾಗಲ್ಲ, ದನಿ ಕಂಚು. “ಸಾರ್, ಪಾಸಾಗಬೇಕಾ ಅಂತ ಕೇಳಿದ್ರಿ, ಕೈ ಎತ್ತಿದ್ವಿ. ಬಾಗಿಲು ಹಾಕ್ತೀವಿ ಅಂತ ಹೇಳಿದ್ರಾ? ಊಟಕ್ಕೆ ಬನ್ನಿ ಅಂತ ಕರೆದು ಎಲೆ ಕಿತ್ಕೊಂಡ್ರೆ ಅದನ್ನ ಏನಂತಾರೆ?” ಎಂದಳು.

ಸಾಹೇಬರು ನಯವಾಗಿಯೇ ಮಾತಾಡಿದರು. ಮಕ್ಕಳ ಒಳ್ಳೆಯದಕ್ಕೇ ಮಾಡಿದ್ದು ಎಂದರು. ಪೂರ್ಣ ಪತ್ರಿಕೆ ಕಬ್ಬಿಣದ ಕಡಲೆ ಎಂದರು. “ಫೇಲಾದ್ರೆ ಏನ್ಮಾಡ್ತೀಯಮ್ಮ?” ಎಂದು ಕೇಳಿದರು.

“ಫೇಲಾದ್ರೆ ಇನ್ನೊಂದು ಸಲ ಬರೀತಾಳೆ. ನೀವು ಬರೆಯೋಕೇ ಬಿಡದಿದ್ರೆ ಎಷ್ಟು ಸಲ ಬರೀಬೇಕು?”

ಸಭೆಯಲ್ಲಿ ಗದ್ದಲವೆದ್ದಿತು. ಸಾಹೇಬರ ನಯ ಅಲ್ಲಿಗೆ ಮುಗಿಯಿತು. ಅವರು ಮತ್ತೆ ಮೈಕು ಹಿಡಿದರು. “ಸರಿ. ಇಷ್ಟ ಇದ್ದೋರು ಪೂರ್ಣ ಪತ್ರಿಕೆ ಬರೀಲಿ. ನಾಳೆ ಇವರು ಫೇಲಾಗಿ ಶಾಲೆ ಹೆಸರು ಹಾಳಾದ್ರೆ ಹೊಣೆ ಯಾರು? ಹೊಣೆ ಹೊರೋರು ಕೈ ಎತ್ತಿ ನೋಡೋಣ.”

 ತಾಯಂದಿರು ಮುಖ ಮುಖ ನೋಡಿಕೊಂಡರು. ಓದುಬರಹ ಬಾರದವರು ಇಂಗ್ಲಿಷ್ ಪರೀಕ್ಷೆಯ ಹೊಣೆ ಹೊರುವುದು ಹೇಗೆ? ಅದು ಸಾಹೇಬರಿಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದರು. ವೇದಿಕೆಯ ಮೇಲೆ ಸಾಲಾಗಿ ಕೂತಿದ್ದ ಶಿಕ್ಷಕರು ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಅಷ್ಟು ಜನ ಓದಿದವರಲ್ಲಿ ಒಬ್ಬರ ಕೈಯೂ ಮಡಿಲಿನಿಂದ ಮೇಲೇಳಲಿಲ್ಲ. ಹಿಂದಿನ ಸಾಲಿನಿಂದ ಒಂದೇ ಒಂದು ಕೈ ಮೇಲೆದ್ದಿತು. ಮೇಡಂ ಎದ್ದು ನಿಂತು, ಸಾಹೇಬರು ಸಾಕು ಇಳಿಸಿ ಎನ್ನುವವರೆಗೂ ಎತ್ತಿದ ಕೈಯನ್ನು ಇಳಿಸಲಿಲ್ಲ.

ಅದರ ಬೆಲೆ ಸಂಜೆಯೇ ತಿಳಿಯಿತು. ಮುಂದಿನ ವರ್ಷ ಅವರ ನೇಮಕಾತಿ ಇಲ್ಲ. ಪೂರ್ಣ ಪತ್ರಿಕೆಯ ಪಾಠವನ್ನು ಶಾಲೆಯ ವೇಳೆಯಲ್ಲಿ, ಶಾಲೆಯ ಕೋಣೆಯಲ್ಲಿ ಮಾಡುವಂತಿಲ್ಲ. ಶಾಲೆಯ ವೇಳೆಯಲ್ಲಿ ಸಿ ಸೆಕ್ಷನ್ನಿಗೆ ಕೈಪಿಡಿ ಮಾತ್ರ. “ಶೆಡ್ಡು ಕೋಣೆ ಅಲ್ಲವಲ್ಲ,” ಎಂದು ದಾರಿ ತೋರಿಸಿದವನು ಕಾವಲುಗಾರ. ಗೇಟನ್ನು ಅವನೇ ಮುಂಜಾನೆ ತೆರೆದುಬಿಡುತ್ತಾನೆ. ಬ್ಯಾನರಿಗೆ ಹಚ್ಚಲು ತಂದು ಉಳಿದಿದ್ದ ಕಪ್ಪು ಬಣ್ಣದ ಡಬ್ಬಿಯನ್ನು ಬಾಗಿಲಿಗೆ ಬಳಿಯಲು ಕೊಟ್ಟವನೂ ಅವನೇ. ಎ ಸೆಕ್ಷನ್ನಿನ ಶಿಕ್ಷಕಿಯೊಬ್ಬರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಸೈಕಲ್ ಕ್ಯಾರಿಯರಿಗೆ ಸಿಕ್ಕಿಸಿ ಹೋಗುತ್ತಾರೆ. ಎದುರಿಗೆ ಸಿಕ್ಕರೆ ಮಾತ್ರ ಮುಖ ತಿರುಗಿಸುತ್ತಾರೆ. ಮೇಡಂ ಅವರನ್ನು ದೂರುವುದಿಲ್ಲ. ದೂರಬೇಕಿತ್ತು ಎನ್ನಿಸುತ್ತದೆ.

ಸೆಕ್ಷನ್ನಿನಲ್ಲಿ ಇರುವವರು ನಲವತ್ತಮೂರು ಮಕ್ಕಳು. ಅವರಲ್ಲಿ ಇಪ್ಪತ್ತೊಂಬತ್ತು ಮಂದಿ ಪೂರ್ಣ ಪತ್ರಿಕೆ ಆಯ್ದುಕೊಂಡಿದ್ದಾರೆ. ಉಳಿದ ಹದಿನಾಲ್ಕು ಮನೆಯವರು ಸಾಹೇಬರ ಮಾತಿಗೆ ಹೆದರಿ ಹಿಂದೆ ಸರಿದರು. ಮೇಡಂ ಅವರಿಗೆ ಅದೇ ಕೊರಗು. “ಇಪ್ಪತ್ತೊಂಬತ್ತು ಜನ ಬಂದರು ಅಂತ ಎಲ್ಲರೂ ಹೇಳ್ತಾರೆ. ನನಗೆ ಆ ಹದಿನಾಲ್ಕು ಮುಖಾನೇ ಕಾಣ್ಸುತ್ತೆ. ಹೆದರಿಸಿದವರು ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾರೆ, ನೋಡಿ,” ಎನ್ನುತ್ತಾರೆ. ಹದಿನಾಲ್ಕರಲ್ಲಿ ಐದು ಮಕ್ಕಳು ಪೂರ್ಣ ಪತ್ರಿಕೆ ಬರೆಯದಿದ್ದರೂ ಶೆಡ್ಡಿಗೆ ಬರುತ್ತಾರೆ. ಅವರಿಗೂ ಮನೆಕೆಲಸ ಸಿಗುತ್ತದೆ.

ಆಗಿಹೋದದ್ದರ ‘ರೆ’ ಕಲಿಸುವಾಗ ಮಾತ್ರ ಮೇಡಂ ದನಿ ತಗ್ಗುತ್ತದೆ. ಆಗಬಹುದಾದದ್ದು, ಆಗಲಾರದ್ದು, ಆಗಬಹುದಿತ್ತಾದರೂ ಆಗದೆ ಹೋದದ್ದು ಎಂದು ಮೂರು ಬಗೆ ಮಾಡಿ ಹೇಳುತ್ತಾರೆ. ಮೊದಲೆರಡಕ್ಕೆ ನಗು, ಗಲಾಟೆ. ಮೂರನೆಯದಕ್ಕೆ ಬಂದಾಗ ಮಕ್ಕಳೇ ಮೆತ್ತಗಾಗುತ್ತಾರೆ. ಡ್ರೈವರು ಬ್ರೇಕು ಹಾಕಿದ್ದರೆ ಅಣ್ಣ ಇವತ್ತು ನಡೆಯುತ್ತಿದ್ದ, ಎಂದು ಒಬ್ಬಳು ಬರೆದಳು. ಮೇಡಂ ಅದರಲ್ಲಿ ಕಾಗುಣಿತ ತಿದ್ದಲಿಲ್ಲ. ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ಎದ್ದು ಬಂದರು. “ನೋವನ್ನ ಹೇಳೋಕೆ ಒಂದು ಸಾಲು ಬಂತಲ್ಲ ಅವಳಿಗೆ. ಅದನ್ನೂ ಬೇಡ ಅಂದಿದ್ರು ಇವರು,” ಎಂದು ಹಲ್ಲು ಕಚ್ಚುತ್ತಾರೆ.

ಸೂರ್ಯ ಈಗ ಶಾಲೆಯ ಮಾಳಿಗೆಯ ಅಂಚಿಗೆ ಬಂದಿದ್ದಾನೆ. ಬ್ಯಾನರಿನ ನೂರು ಥಳಥಳ ಹೊಳೆಯುತ್ತಿದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೇಡಂ ಬಾಗಿಲಿನ ಮೇಲಿನ ಅಕ್ಷರ ಒರೆಸುತ್ತಾರೆ. “ಮುಂದಿನ ವರ್ಷ ಯಾರೋ ಬರ್ತಾರಲ್ಲ, ಅವರಿಗೆ ಈ ಬಾಗಿಲು ಇಲ್ಲೇ ಇರಲಿ. ಕಿತ್ತು ಬಿಸಾಡಬೇಡಿ ಅಂತ ಬರೀರಿ. ಅಷ್ಟು ಸಾಕು,” ಎನ್ನುತ್ತಾರೆ. 

ಮಕ್ಕಳು ಚೀಲ ಹೆಗಲಿಗೇರಿಸುತ್ತಿದ್ದಾರೆ. ಎರಡನೆಯ ಸಾಲಿನವರು ಇನ್ನೂ ಒಂದು ಸುತ್ತು ಆಡೋಣ ಎಂದು ಹಟ ಹಿಡಿಯುತ್ತಾರೆ. ಕೊನೆಯ ಬೆಂಚಿನಿಂದ ಪಿಸುಮಾತು ಎದ್ದು ನಿಲ್ಲುತ್ತಾಳೆ.

“ಮೇಡಂ, ದಿನಾ ನೀವು ನಮಗೆ ಅರ್ಧ ಕೊಡ್ತೀರಿ. ಇವತ್ತು ನಿಮಗೆ ನಾನು ಕೊಡ್ತೀನಿ.”

“ಕೊಡು.”

“ಆ ಸಭೇಲಿ ಕೈ ಎತ್ತುವಾಗ, ಕೆಲಸ ಹೋಗುತ್ತೆ ಅಂತ ನಿಮಗೆ ಗೊತ್ತಿದ್ದರೆ?”

ಈ ಸಲ ಯಾರೂ ಮುಂದಕ್ಕೆ ಬಾಗಬೇಕಾಗಲಿಲ್ಲ. ಗೇಟಿನ ಬಳಿ ನಿಂತಿದ್ದ ಕಾವಲುಗಾರನಿಗೂ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು. ಮಕ್ಕಳೆಲ್ಲ ಮೇಡಂ ಮುಖವನ್ನೇ ನೋಡುತ್ತಾರೆ. ಅವರು ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡು, ಕಾಲಿಲ್ಲದ ಬೆಂಚಿನ ಕೆಳಗಿನ ಇಟ್ಟಿಗೆಯನ್ನು ಸರಿಮಾಡುತ್ತಾರೆ.

“ಗೊತ್ತಿತ್ತು ಕಣೆ,” ಎನ್ನುತ್ತಾರೆ. “ಕೂತ್ಕೊ, ಇನ್ನೊಂದು ಸುತ್ತಿಗೆ ಹೊತ್ತಿದೆ.”